ಗೋಣಿಚೀಲದಲ್ಲಿ ಹಿಡಿಯದ ಉಡುಗೊರೆ

ಮಳೆಗಾಲದಲ್ಲಿ ಮಲೆನಾಡಿನ ಮನೆಯೊಳಗೆ ಬೂಷ್ಟು ಹಿಡಿಯದ ವಸ್ತು ಯಾವುದಿದೆ ಹೇಳಿ? ಚರ್ಮದ ಬೆಲ್ಟು, ಮದುವೆಯ ಆಲ್ಬಮ್ಮು, ಪುಸ್ತಕದ ಬೆನ್ನು, ಕೊನೆಗೆ ಗೋಡೆಗೆ ತೂಗುಹಾಕಿದ ಮಾವನವರ ಫೋಟೋದ ಹಿಂಬದಿ... ಎಲ್ಲಕ್ಕೂ ಹಸಿರು ಬೆರೆತ ಬಿಳಿ ಪುಡಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಎರಡು ಗಂಟೆ ಹೊತ್ತು ಹೊಳವಾದಾಗ, ಅಟ್ಟದ ಮೇಲಿದ್ದ ಗೋಣಿಚೀಲವೊಂದನ್ನು ಕೆಳಗಿಳಿಸಿ ಜಗುಲಿಯಲ್ಲಿ ಸುರುವಿದೆ. ಗೋಣಿಬೀಡಿನಲ್ಲಿದ್ದುಕೊಂಡು ಗೋಣಿಚೀಲಕ್ಕೆ ಬರವೇ? ಕಾಫಿ ತುಂಬಿ ಹಳತಾದ ಚೀಲಗಳು ನಮ್ಮಲ್ಲಿ ಎಲ್ಲದಕ್ಕೂ ಒದಗುತ್ತವೆ. ಈ ಚೀಲದಲ್ಲಿ ಇದ್ದದ್ದು ಮಾತ್ರ ಕಾಫಿಯಲ್ಲ, ಮಗಳ ಆಟದ ಸಾಮಾನು.

ಚಕ್ರ ಕಳಚಿದ ಮೂರು ಕಾರು. ರಿಮೋಟು ಇದ್ದು ಕಾರು ಇಲ್ಲದ್ದು ಒಂದು, ಕಾರು ಇದ್ದು ರಿಮೋಟು ಇಲ್ಲದ್ದು ಇನ್ನೊಂದು. ಬೂಷ್ಟು ಹಿಡಿದು ಮೂತಿ ಬಿಳಿಚಿಕೊಂಡ ಎರಡು ಕರಡಿ. ಬ್ಯಾಟರಿ ಸೋರಿ ಹೊಟ್ಟೆಯೊಳಗೆ ತುಕ್ಕು ಹಿಡಿದಿದ್ದ, ಒಂದು ಕಾಲದಲ್ಲಿ ಹಾಡುತ್ತಿದ್ದ ಗೊಂಬೆ. ಪ್ಲಾಸ್ಟಿಕ್ಕಿನ ಅಡುಗೆ ಸೆಟ್ಟು ಎರಡು. ಅವುಗಳಲ್ಲಿ ಒಂದರ ಪೊಟ್ಟಣವನ್ನೇ ಒಡೆದಿರಲಿಲ್ಲ! ಇವೆಲ್ಲದರ ಮಧ್ಯೆ ಚನ್ನಪಟ್ಟಣದ ಒಂದು ಬುಗುರಿ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಕೂರಿಸಿದ್ದಕ್ಕೆ ನಮ್ಮ ಮಳೆಯೂ ಹೆದರುತ್ತದೋ ಏನೋ.

ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಎತ್ತಿ ಕೇಳಿದೆ: “ಇದನ್ನ ಯಾರು ಕೊಟ್ಟದ್ದು?” ಗೊತ್ತಿಲ್ಲ. “ಇದು?” ನೆನಪಿಲ್ಲ. “ಇದು ಯಾವ ಬರ್ತ್‌ಡೇಗೆ ಬಂದದ್ದು?” ಅದೂ ನೆನಪಿಲ್ಲ. ಎಲ್ಲವೂ ಅವಳ ಏಳನೆಯ ಹುಟ್ಟುಹಬ್ಬದವರೆಗೆ ಬಂದ ಉಡುಗೊರೆಗಳು. ಕೊಟ್ಟವರು ಸೋದರಮಾವ, ನಾದಿನಿ, ಪಕ್ಕದ ತೋಟದವರು, ಮೂಡಿಗೆರೆಯ ಸ್ನೇಹಿತರು. ಎಲ್ಲರೂ ಪ್ರೀತಿಯಿಂದಲೇ ಕೊಟ್ಟವರು. ಕೊನೆಗೆ ನಾನೇ ಸೋತು, “ಹೋಗಲಿ, ಯಾವ ಬರ್ತ್‌ಡೇ ನಿನಗೆ ನೆನಪಿದೆ ಹೇಳು” ಎಂದೆ. ಅವಳು ಯೋಚಿಸಲೇ ಇಲ್ಲ. “ಓತಿಕ್ಯಾತ ಹಾರಿದ್ದು” ಎಂದಳು.

ಆ ಓತಿಕ್ಯಾತದ ಸುದ್ದಿಗೆ ಆಮೇಲೆ ಬರುತ್ತೇನೆ.

ಜೂನ್ ಒಂದರಂದು ಹುಟ್ಟಿದವರು

ಹುಟ್ಟುಹಬ್ಬದ ಗದ್ದಲ ನಮ್ಮ ಕಡೆಗೆ ಬಂದು ಬಹಳ ಕಾಲವಾಗಿಲ್ಲ. ನನ್ನ ಮಾವನವರ ಹುಟ್ಟಿದ ದಿನ ಶಾಲೆಯ ದಾಖಲೆಯ ಪ್ರಕಾರ ಜೂನ್ 1. ಅವರ ತಮ್ಮನದೂ ಜೂನ್ 1. ಊರಿನಲ್ಲಿ ಅವರ ವಾರಿಗೆಯ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು! ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಬಲಗೈಯಿಂದ ಎಡಕಿವಿ ಮುಟ್ಟಿಸಿ, ಒಂದು ತಾರೀಕು ಬರೆದುಕೊಂಡರೆ ಮುಗಿಯಿತು. ಆ ತಾರೀಕೇ ಮುಂದೆ ನಿವೃತ್ತಿಯವರೆಗೆ. ನಿಜವಾದ ದಿನ ಅತ್ತೆಯಂಥವರ ನೆನಪಿನಲ್ಲಿ “ಭಾರೀ ಮಳೆ ಬಂದು ಕಾಲುಸಂಕ ಕೊಚ್ಚಿಹೋದ ವರ್ಷ, ನಾಟಿ ಮುಗಿದ ಮಾರನೇ ವಾರ” ಎಂಬ ರೂಪದಲ್ಲಿ ಇರುತ್ತಿತ್ತು. ನಕ್ಷತ್ರ ಗೊತ್ತಿದ್ದ ಮನೆಯಲ್ಲಿ ಎಣ್ಣೆಸ್ನಾನ, ದೇವಸ್ಥಾನದಲ್ಲಿ ಒಂದು ಅರ್ಚನೆ, ಮಧ್ಯಾಹ್ನ ಪಾಯಸ. ಅಷ್ಟೇ.

ಈಗ ಹಾಗಲ್ಲ. ಕಾಫಿಗೆ ಬೆಲೆ ಬಂದ ವರ್ಷ ಕೇಕಿನ ಅಂತಸ್ತೂ ಏರುತ್ತದೆ. ಬಣ್ಣದ ಬಲೂನಿನ ಕಮಾನು, ಮಗುವಿನ ಫೋಟೋ ಇರುವ ಆಳೆತ್ತರದ ಬ್ಯಾನರು, ಮೈಕು ಹಿಡಿದು ಆಟ ಆಡಿಸುವವರು. ಬಂದವರ ಮಕ್ಕಳಿಗೆಲ್ಲ ವಾಪಸು ಕೊಡಲು ಬೇರೆ ಒಂದೊಂದು ಪೊಟ್ಟಣ. ಮಗುವಿನ ತಂದೆತಾಯಿಗಳು ಅದಕ್ಕೆ ಸಾಲ ಮಾಡಿದ್ದನ್ನೂ ಕಂಡಿದ್ದೇನೆ. ಒಬ್ಬರು ಮಾಡಿದ ಮೇಲೆ ಇನ್ನೊಬ್ಬರು ಮಾಡದಿದ್ದರೆ ಹೇಗೆ? ಶಾಲೆಯ ವ್ಯಾನಿನಲ್ಲಿ ಮಕ್ಕಳು ಮಾತಾಡಿಕೊಳ್ಳುತ್ತಾರಲ್ಲ!

ನಾವೂ ಇದರಿಂದ ಹೊರಗಿದ್ದವರೇನಲ್ಲ. ಮಗಳ ಏಳನೆಯ ಹುಟ್ಟುಹಬ್ಬವನ್ನು ಹೀಗೆಯೇ ಮಾಡಿದೆವು. ಫೆಬ್ರುವರಿ ತಿಂಗಳು, ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಕಾಫಿ ಒಣಗಿಸುವ ಕಣದಲ್ಲೇ ಒಂದು ಬದಿ ತೆರವು ಮಾಡಿ ಶಾಮಿಯಾನ ಹಾಕಿಸಿದ್ದೆವು. ಮಗಳು ತನ್ನ ತರಗತಿಯವರನ್ನೂ, ದಿನಾ ಸಂಜೆ ತನ್ನೊಡನೆ ಆಡುತ್ತಿದ್ದ ಪಕ್ಕದ ತೋಟದ ಲೈನಿನ ಹುಡುಗನೊಬ್ಬನನ್ನೂ ಕರೆದಿದ್ದಳು. ಬಯಲುಸೀಮೆ ಕಡೆಯಿಂದ ಕೊಯ್ಲಿಗೆಂದು ಬಂದು ಅಲ್ಲೇ ಉಳಿದುಕೊಂಡ ಸಂಸಾರ ಅವನದು. ಕೇಕು ಕತ್ತರಿಸಿ, ಎಲ್ಲರೂ ಸಾಲಾಗಿ ನಿಂತು ಒಂದೊಂದು ಮಿನುಗುಕಾಗದದ ಪೊಟ್ಟಣ ಕೊಟ್ಟು ಫೋಟೋ ತೆಗೆಸಿಕೊಂಡರು. ತಟ್ಟೆ ಹಿಡಿದು ಓಡಾಡುತ್ತಿದ್ದ ನನಗೆ, ಹುಡುಗ ಕಾಣಲಿಲ್ಲವಲ್ಲ ಎಂಬುದು ತಡವಾಗಿ ಹೊಳೆಯಿತು. ನೋಡಿದರೆ ಕಣದ ಆಚೆ ತುದಿಯಲ್ಲಿ, ಒಣಕಾಫಿಯ ರಾಶಿಗೆ ಹೊದಿಸಿದ ಟಾರ್ಪಾಲಿನ ಹಿಂದೆ ನಿಂತಿದ್ದ. ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿಕೊಂಡಿದ್ದ. “ಬಾರೋ, ಕೇಕು ತಿನ್ನು” ಎಂದೆ. ತಲೆ ತಗ್ಗಿಸಿ, “ನಾನೇನೂ ತಂದಿಲ್ಲ ಅಮ್ಮಾರೆ” ಎಂದ.

ಕೈ ಹಿಡಿದು ಎಳೆದುಕೊಂಡು ಬಂದೆ, ತಟ್ಟೆ ಕೊಟ್ಟೆ, ತಿಂದ. ಆದರೆ ಆ ರಾತ್ರಿ ಮಗಳು ಪೊಟ್ಟಣಗಳನ್ನು ಒಂದರ ಹಿಂದೊಂದು ಹರಿಯುತ್ತಾ, ಒಂದನ್ನೂ ಸರಿಯಾಗಿ ನೋಡದೆ ಮುಂದಿನದಕ್ಕೆ ಕೈಹಾಕುತ್ತಿದ್ದಾಗ ನನಗೆ ಕಾಣುತ್ತಿದ್ದುದು ಆ ಬಾಚಿದ ತಲೆ. ಮುಂದಿನ ವರ್ಷ ಯಾರೂ ಏನೂ ತರುವುದು ಬೇಡ ಎಂದು ಅಂದೇ ಯಜಮಾನರಿಗೆ ಹೇಳಿಬಿಟ್ಟೆ.

ಜಾವಳಿಯ ಅಳು

ಹೇಳಿದಷ್ಟು ಸುಲಭವಾಗಿತ್ತೆ? ಮೊದಲು ಮುನಿಸಿಕೊಂಡವರು ನಾದಿನಿ. “ನಮ್ಮ ಕೈಯಿಂದ ಮಗುವಿಗೆ ಒಂದು ಬೊಂಬೆ ಕೊಡೋಕೂ ನಿಮ್ಮ ಅಪ್ಪಣೆ ಬೇಕಾ?” ಎಂದರು. ಅತ್ತೆಯವರದು ಇನ್ನೊಂದು ವಾದ: “ಕೊಡುವವರ ಕೈ ತಡೀಬಾರದು ಮಾರಾಯ್ತಿ.” ಅವರ ಮಾತಿನಲ್ಲೂ ನ್ಯಾಯವಿದೆ. ಕೊನೆಗೆ ರಾಜಿಯಾದದ್ದು ಹೀಗೆ: ವಸ್ತುವಿನ ಬದಲು ಮಗುವಿಗೆ ಏನಾದರೂ ತೋರಿಸಿ, ಕಲಿಸಿ, ಎಲ್ಲಿಗಾದರೂ ಕರೆದುಕೊಂಡು ಹೋಗಿ. ಒಂದು ದಿನ ಕೊಡಲಾಗದಿದ್ದರೆ ಒಂದು ಗಂಟೆ ಕೊಡಿ.

ನಮ್ಮ ಪಾಲಿನ ಉಡುಗೊರೆಗೆ ನಾನೂ ಯಜಮಾನರೂ ಕೂತು ಯೋಚಿಸಿದೆವು. ನಮ್ಮ ಮೂಡಿಗೆರೆ ತಾಲ್ಲೂಕಿನದೊಂದು ವಿಶೇಷ ಓದುಗ ಮಕ್ಕಳು ಗಮನಿಸಬೇಕು. ಇಲ್ಲಿ ಬೀಳುವ ಮಳೆ ಎರಡು ಸಮುದ್ರಗಳಿಗೆ ಪಾಲಾಗುತ್ತದೆ. ಘಟ್ಟದ ಪಡುಬದಿಗೆ ಬಿದ್ದ ಹನಿ ನೇತ್ರಾವತಿಯ ಕಡೆಗೆ ಇಳಿದು ಅರಬ್ಬೀ ಸಮುದ್ರ ಸೇರಿದರೆ, ಮೂಡುಬದಿಗೆ ಬಿದ್ದದ್ದು ಹೇಮಾವತಿಯಾಗಿ ಕಾವೇರಿಗೆ ಹೋಗಿ ಬಂಗಾಳ ಕೊಲ್ಲಿ ಕಾಣುತ್ತದೆ. ಪಕ್ಕದ ಕಳಸದ ಭದ್ರೆಯದು ಬೇರೆ ದಾರಿ. ಅವಳು ತುಂಗೆಯನ್ನು ಕೂಡಿ ಕೃಷ್ಣೆಯ ಪಾಲು. ಹೇಮಾವತಿ ಹುಟ್ಟುವುದು ಬಲ್ಲಾಳರಾಯನ ದುರ್ಗದ ಮಗ್ಗುಲಿನ ಜಾವಳಿಯಲ್ಲಿ. ಸುಮಾರು 245 ಕಿ.ಮೀ. ಹರಿದು ಕೃಷ್ಣರಾಜಸಾಗರದ ಹತ್ತಿರ ಕಾವೇರಿಯನ್ನು ಸೇರುತ್ತದೆ. ದಿನಾ ನೋಡುವ ಹೊಳೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮಗಳಿಗೆ ತೋರಿಸಬೇಕು. ಒಂದೇ ಸಲಕ್ಕಲ್ಲ, ಹುಟ್ಟುಹಬ್ಬಕ್ಕೆ ಒಂದು ತುಂಡಿನಂತೆ. ಹೀಗೆ ಒಂದು ಹೊಳೆಯನ್ನು ನಾಲ್ಕು ವರ್ಷಕ್ಕೆ ಹಂಚಿದೆವು. ಉಪಾಯ ಎಷ್ಟು ಚೆನ್ನಾಗಿದೆ ಎಂದು ನಮಗೆ ನಾವೇ ಬೆನ್ನು ತಟ್ಟಿಕೊಂಡಿದ್ದೂ ಆಯಿತು.

ಎಂಟನೆಯ ಹುಟ್ಟುಹಬ್ಬಕ್ಕೆ ಕಡುಬು, ಚಟ್ನಿ ಕಟ್ಟಿಕೊಂಡು ಜಾವಳಿಗೆ ಹೋದೆವು. ಫೆಬ್ರುವರಿಯಲ್ಲಿ ನದಿಮೂಲ ಹೇಗಿರುತ್ತದೆ? ಒಂದಿಷ್ಟು ನೀರು, ಸುತ್ತ ತಂಪು, ಮೌನ. ನಮಗೆ ಮೈ ಜುಮ್ಮೆಂದಿತು. ಮಗಳು ನೀರನ್ನು ನೋಡಿದಳು, ನಮ್ಮ ಮುಖ ನೋಡಿದಳು. “ಇಷ್ಟೇನಾ?” ಎಂದಳು. ಆಮೇಲೆ ಅಳು ಶುರುವಾಯಿತು. ಅವಳ ಗೆಳತಿಗೆ ಕೂದಲು ಬಾಚುವ ಗೊಂಬೆ ಬಂದಿದೆ, ತನಗೆ ಕೆರೆ ಕೊಟ್ಟಿದ್ದಾರೆ! ಬರುವಾಗ ದಾರಿಯುದ್ದಕ್ಕೂ ಮುಸುಮುಸು. ಸಾಲದ್ದಕ್ಕೆ ನಾನು, “ಮನೆಗೆ ಹೋಗಿ ನದಿಮೂಲದ ಬಗ್ಗೆ ಹತ್ತು ಸಾಲು ಬರಿ” ಎಂದೆ. “ಅಮ್ಮಾ, ಇದು ಬರ್ತ್‌ಡೇನಾ, ಸ್ಕೂಲಾ?” ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಗ ನಾವು ಸೋತೆವೆಂದುಕೊಂಡದ್ದಕ್ಕೆ ವಿದ್ವಾಂಸರ ಬಳಿ ಕಾರಣವಿತ್ತೆಂದು ಆಮೇಲೆ ಓದಿ ತಿಳಿಯಿತು. ವಸ್ತು ಕೊಂಡದ್ದಕ್ಕಿಂತ ಅನುಭವಕ್ಕೆ ಖರ್ಚು ಮಾಡಿದ್ದು ಜನರಿಗೆ ಹೆಚ್ಚು ಸಂತೋಷ ಕೊಡುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಬರೆದರು. ಆ ಮಾತು ಬಹಳ ಪ್ರಸಿದ್ಧವೂ ಆಯಿತು. ಆದರೆ ಅದು ದೊಡ್ಡವರನ್ನು ಕೇಳಿ ಬರೆದದ್ದು. ಮಕ್ಕಳನ್ನೇ ಕೇಳಿದ ಅಧ್ಯಯನ ಬಂದದ್ದು 2020ರಲ್ಲಿ. ಲ್ಯಾನ್ ಚಾಪ್ಲಿನ್ ಮತ್ತು ಸಂಗಡಿಗರು ಮೂರು ವರ್ಷದ ಪುಟಾಣಿಗಳಿಂದ ಹದಿಹರೆಯದವರವರೆಗೆ ಮಾತಾಡಿಸಿ ನೋಡಿದಾಗ, ಚಿಕ್ಕ ಮಕ್ಕಳಿಗೆ ವಸ್ತುವೇ ಹೆಚ್ಚು ಖುಷಿ ಕೊಡುತ್ತದೆ, ಬೆಳೆಯುತ್ತ ಹೋದ ಹಾಗೆ ಅನುಭವದ ತೂಕ ಏರುತ್ತದೆ ಎಂದು ಕಂಡಿತು. ಕಾರಣ ಸರಳ. ಬೊಂಬೆ ಕಣ್ಣೆದುರಿಗೇ ಇರುತ್ತದೆ; ಕಳೆದುಹೋದ ದಿನವನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳಲು ನೆನಪಿನ ಶಕ್ತಿ ಬಲಿತಿರಬೇಕು. ಆದ್ದರಿಂದ ನಾಲ್ಕು ವರ್ಷದ ಮಗುವಿನ ಕೈಯಿಂದ ಗೊಂಬೆ ಕಿತ್ತುಕೊಂಡು ನದಿಮೂಲ ತೋರಿಸಬೇಡಿ. ಅದಕ್ಕೆ ಗೊಂಬೆ ಕೊಡಿ, ಆದರೆ ಒಂದು ಕೊಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹದಿನಾರು ಆಟಿಕೆಗಳ ನಡುವೆ ಬಿಟ್ಟಾಗಿನದಕ್ಕಿಂತ ನಾಲ್ಕೇ ಆಟಿಕೆ ಕೊಟ್ಟಾಗ ಪುಟ್ಟ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಮ್ಮ ಅಟ್ಟದ ಚೀಲವೂ ಅದನ್ನೇ ಹೇಳುತ್ತಿತ್ತು.

ಖಾಲಿ ಕೈಯವನು ಕೊಟ್ಟದ್ದು

ಜಾವಳಿಯಿಂದ ಅತ್ತು ಕಣ್ಣು ಊದಿಸಿಕೊಂಡು ಬಂದ ಮಾರನೆಯ ದಿನ ಶಾಲೆಗೆ ರಜೆಯಿತ್ತು. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಲೈನಿನ ಹುಡುಗ ಅಂಗಳಕ್ಕೆ ಬಂದು ನಿಂತ. ಈ ಸಲ ಉಡುಗೊರೆ ತರಬಾರದು, ಏನಾದರೂ ತೋರಿಸಬೇಕು ಎಂಬ ಕಾನೂನನ್ನು ಮಗಳು ಅವನಿಗೂ ಹೇಳಿದ್ದಳಂತೆ. “ಬನ್ನಿ, ತೋರಿಸ್ತೀನಿ. ಗಲಾಟೆ ಮಾಡಬಾರದು” ಎಂದ. ಮಗಳು, ಅವಳ ತಮ್ಮ, ಹಿಂದೆ ನಾನು, ಎಲ್ಲರೂ ಮನೆಯ ಹಿಂದಿನ ಅಡಿಕೆ ತೋಟಕ್ಕೆ ಹೋದೆವು. ಹುಡುಗ ಒಂದು ಮರವನ್ನು ಬೊಟ್ಟುಮಾಡಿ ತೋರಿಸಿದ. ನನಗೆ ಮರ ಬಿಟ್ಟು ಬೇರೇನೂ ಕಾಣಲಿಲ್ಲ. “ಅಲ್ಲೇ ಅಮ್ಮಾರೆ, ತೊಗಟೆ ಮೇಲೆ.” ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆ ತೊಗಟೆಯ ಒಂದು ಚೂರು ಕತ್ತಿನ ಕೆಳಗೆ ಹಳದಿ ಬಾವುಟವೊಂದನ್ನು ಬಿಚ್ಚಿ ಮಡಿಸಿತು! ಮತ್ತೆ ಬಿಚ್ಚಿತು. ಆಮೇಲೆ ಮರದ ಮೇಲಕ್ಕೆ ಸರಸರ ಹತ್ತಿ, ಪಕ್ಕೆಯ ಚರ್ಮವನ್ನು ಕೊಡೆಯ ಹಾಗೆ ಅಗಲಿಸಿ, ನಮ್ಮ ತಲೆಯ ಮೇಲಿಂದ ಜಾರುತ್ತಾ ತೇಲಿ ಆಚೆಯ ಅಡಿಕೆ ಮರಕ್ಕೆ ಹೋಗಿ ಅಂಟಿಕೊಂಡಿತು.

ಹಾರುವ ಓತಿ! ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ, ಕಾಡಂಚಿನಲ್ಲಿ ಇರುವ ಈ ಪ್ರಾಣಿಯನ್ನೇ ಹುಡುಕಿಕೊಂಡು ಹೋಗುವ ಕಥೆಯಲ್ಲವೇ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’? ಆ ಕಾದಂಬರಿ ಬಂದದ್ದು 1980ರಲ್ಲಿ. ಓದು ಮುಗಿಸಿ ನಗರ ಬಿಟ್ಟು ಬಂದ ತೇಜಸ್ವಿ ಮೊದಲು ಜನ್ನಾಪುರದ ಬಳಿಯ ‘ಚಿತ್ರಕೂಟ’ದಲ್ಲಿ, ಆಮೇಲೆ ಮೂಡಿಗೆರೆಯ ‘ನಿರುತ್ತರ’ದಲ್ಲಿ ಇದ್ದು, 2007ರಲ್ಲಿ ತೀರಿಕೊಳ್ಳುವವರೆಗೂ ನಮ್ಮ ನೆರೆಯವರಾಗಿಯೇ ಇದ್ದರು. ಕಾಲೇಜಿನಲ್ಲಿ ‘ಕರ್ವಾಲೊ’ ಓದಿ ಪರೀಕ್ಷೆಯಲ್ಲಿ ಪ್ರಬಂಧ ಬರೆದವಳು ನಾನು. ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ನೂರು ಮಾರು ದೂರದಲ್ಲಿ ಅದು ಇದೆಯೆಂದು ತೋರಿಸಿಕೊಡಲು, ಹಿಂದಿನ ವರ್ಷ ಟಾರ್ಪಾಲಿನ ಮರೆಯಲ್ಲಿ ನಿಂತಿದ್ದ ಹುಡುಗ ಬರಬೇಕಾಯಿತು.

ಅಂದು ಅವರು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಐದು ಸಲ ಹಾರಿತಂತೆ. ಮಗಳು ಅದನ್ನು ಹತ್ತು ಸಾಲು ಬರೆಯಲಿಲ್ಲ; ನಾನೂ ಹೇಳಲಿಲ್ಲ. ಆದರೆ ಒಂದು ವಾರ ಬಂದವರಿಗೆಲ್ಲ ಕೈ ಅಗಲಿಸಿ ಹಾರಿ ತೋರಿಸಿದಳು.

ಆ ಹುಡುಗನ ಹುಟ್ಟುಹಬ್ಬ ಯಾವಾಗ ಎಂದು ಅವನ ತಾಯಿಯನ್ನು ಕೇಳಿದೆ. ಆಕೆ ನಕ್ಕು, “ಆಧಾರ್ ಕಾರ್ಡಲ್ಲಿ ಜನವರಿ ಒಂದು ಅಂತ ಇದೆ ಅಮ್ಮಾರೆ. ಅವರಪ್ಪಂದೂ ಅದೇ, ನಂದೂ ಅದೇ” ಎಂದಳು. ನಮ್ಮ ಮಾವನವರ ಜೂನ್ ಒಂದು ನೆನಪಾಗಿ ನನಗೂ ನಗು ಬಂತು. ಆಮೇಲೆ ಅಷ್ಟೇನೂ ನಗು ಬರಲಿಲ್ಲ.

ಐವತ್ತೇಳು ಸುರಂಗ, ಒಂದು ಇಗರ್ಜಿ

ಒಂಬತ್ತನೆಯ ವರ್ಷದ ತುಂಡು ಸಕಲೇಶಪುರ. ಈ ಸಲ ಹುಡುಗನನ್ನೂ ಕರೆದುಕೊಂಡೆವು. ಅವನು ರೈಲು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮಗಳೂ ಹತ್ತಿರಲಿಲ್ಲ. ನಮ್ಮ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ಮೂಡಿಗೆರೆಗೆ ಇನ್ನೂ ಬಂದಿಲ್ಲ. ಸಕಲೇಶಪುರದಲ್ಲಿ ಮೊದಲು ಹೇಮಾವತಿಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆವು. ಜಾವಳಿಯ ಆ ‘ಇಷ್ಟೇನಾ’ ಇಲ್ಲಿಗೆ ಬರುವಷ್ಟರಲ್ಲಿ ಒಂದು ಪಟ್ಟಣವನ್ನು ಇಬ್ಭಾಗ ಮಾಡುವಷ್ಟು ದೊಡ್ಡದಾಗಿತ್ತು. ಮಗಳು ಏನೂ ಹೇಳಲಿಲ್ಲ, ಆದರೆ ಅಲ್ಲಿಂದ ಬೇಗ ಹೊರಡಲೂ ಇಲ್ಲ.

ಆಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ಹಗಲು ರೈಲು. ಸುಮಾರು 55 ಕಿ.ಮೀ. ಘಟ್ಟದ ದಾರಿ, 57 ಸುರಂಗ. ದೋಣಿಗಲ್, ಎಡಕುಮೇರಿ, ಸಿರಿಬಾಗಿಲು... ಊರೇ ಇಲ್ಲದ ಕಡೆ ರೈಲು ನಿಲ್ದಾಣ! ರೈಲು ಎಷ್ಟು ನಿಧಾನವೆಂದರೆ ತೊರೆಯ ನೀರಿನಲ್ಲಿರುವ ಕಲ್ಲು ಎಣಿಸಬಹುದು. ಸುರಂಗ ಎಣಿಸುವ ಪಂದ್ಯ ಹೂಡಿದ ಇಬ್ಬರೂ ಇಪ್ಪತ್ತರ ಆಚೆ ಜಗಳಕ್ಕೆ ಬಿದ್ದು ಲೆಕ್ಕ ತಪ್ಪಿಸಿಕೊಂಡರು. ಸುರಂಗದೊಳಗೆ ಬೋಗಿಯ ಜನರೆಲ್ಲ ಕಿರುಚುವಾಗ ಹುಡುಗನೂ ಕಿರುಚಿದ. ಅವನು ಅಷ್ಟು ಗಟ್ಟಿಯಾಗಿ ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಘಟ್ಟ ಇಳಿಯುವಾಗ ಯಜಮಾನರು, “ಈಗ ಕಾಣ್ತಿರೋ ನೀರು ನಮ್ಮ ಹೊಳೆಗೆ ಬರಲ್ಲ, ಆ ಕಡೆಯ ಸಮುದ್ರಕ್ಕೆ ಹೋಗುತ್ತೆ” ಎಂದಷ್ಟೇ ಹೇಳಿದರು. ಉಳಿದದ್ದನ್ನು ಮಕ್ಕಳೇ ಕೇಳಿ ತಿಳಿದುಕೊಂಡರು. ಹತ್ತು ಸಾಲಿನ ಪ್ರಬಂಧದಿಂದ ನಾವು ಕಲಿತ ಪಾಠವದು. ಮರಳಿ ಶಿರಾಡಿ ಘಟ್ಟದಲ್ಲಿ ಬಸ್ಸು ಹತ್ತಿದೆವು. ಇಡೀ ದಿನದ ಖರ್ಚು ಒಂದು ರಿಮೋಟು ಕಾರಿನ ಬೆಲೆಯನ್ನು ಮುಟ್ಟಲಿಲ್ಲ.

ಹತ್ತನೆಯ ವರ್ಷ ಗೊರೂರು. 1979ರಲ್ಲಿ ಅಲ್ಲಿ ಅಣೆಕಟ್ಟು ಮುಗಿಯಿತು. ನಮ್ಮ ಹೊಳೆ ಅಲ್ಲಿ ಹೊಳೆಯಾಗಿ ಉಳಿದಿಲ್ಲ, ಕಣ್ಣು ಹಾಯುವಷ್ಟು ದೂರ ನೀರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಇದೇ ಎಂದು ನಾನು ಹೇಳಿದ್ದು ಮಗಳಿಗೆ ಅಷ್ಟೇನೂ ನಾಟಲಿಲ್ಲ. ನಾಟಿದ್ದು ಶೆಟ್ಟಿಹಳ್ಳಿ. ಹಾಸನದ ಹತ್ತಿರ, ಹಿನ್ನೀರಿನ ಅಂಚಿನಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ದೊಡ್ಡ ಇಗರ್ಜಿಯೊಂದು ಸೂರಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ನಾವು ಹೋದಾಗ ನೀರು ಹಿಂದೆ ಸರಿದಿತ್ತು. ಗೋಡೆಯ ಮೇಲೆ ನಮ್ಮ ತಲೆಗಿಂತ ಎತ್ತರದಲ್ಲಿ ನೀರಿನ ಗೆರೆ. ಮಗಳು ಆ ಗೆರೆಗೆ ಕೈ ಎಟುಕಿಸಲು ನೋಡಿ, “ಇದು ನಮ್ಮ ನೀರಾ?” ಎಂದಳು. ಹೌದು ಎಂದೆ. “ಹಾಗಾದ್ರೆ ಇಲ್ಲಿದ್ದ ಜನ ಎಲ್ಲಿಗೆ ಹೋದ್ರು?” ಊರು ಬಿಟ್ಟು ಬೇರೆ ಕಡೆ ಹೋಗಬೇಕಾಯಿತು ಎಂದು ಯಜಮಾನರು ಹೇಳಿದರು. ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಹುಟ್ಟುಹಬ್ಬದ ದಿನ ಮಗುವನ್ನು ಇಂಥಲ್ಲಿಗೆ ಕರೆತರಬೇಕಿತ್ತೇ ಎಂದು ನನಗೂ ಅನುಮಾನವಾಯಿತು. ಈಗಿಲ್ಲ.

ಆ ಸಲ ಹುಡುಗ ಜೊತೆಗಿರಲಿಲ್ಲ. ಅವನ ಅಪ್ಪ ಅಮ್ಮ ಕೊಯ್ಲು ಮುಗಿಯುವ ಮೊದಲೇ ಕೆಲಸ ಬಿಟ್ಟು ಬೇರೆ ತೋಟಕ್ಕೆ ಹೋಗಿದ್ದರು. ಎಲ್ಲಿಗೆಂದು ಸರಿಯಾಗಿ ಹೇಳುವವರಿರಲಿಲ್ಲ.

ಹಣದ ಖರ್ಚಲ್ಲ

ಅನುಭವದ ಉಡುಗೊರೆ ಎಂದೊಡನೆ ಈಗ ಅದನ್ನೂ ಮಾರುವವರಿದ್ದಾರೆ. ಹೋಂಸ್ಟೇ, ಜೀಪು ಸವಾರಿ, ಹಗ್ಗದ ಮೇಲೆ ಜಾರುವ ಆಟ, ಹುಟ್ಟುಹಬ್ಬದ ಪ್ಯಾಕೇಜು. ಹೋದವರನ್ನು ದೂರುವುದಿಲ್ಲ. ಆದರೆ ಮಗು ಅಲ್ಲಿಂದ ತಂದದ್ದು ನೂರು ಫೋಟೋ ಮಾತ್ರವಾದರೆ ಅದೂ ಮಿನುಗುಕಾಗದದ ಪೊಟ್ಟಣವೇ. ‘ನಿನ್ನನ್ನು ಎಲ್ಲಿಗೆ ಕರೆದುಕೊಂಡು ಹೋದರು?’ ಎಂಬುದು ‘ನಿನಗೇನು ಕೊಟ್ಟರು?’ ಎಂಬುದರಷ್ಟೇ ಚುಚ್ಚುವ ಪ್ರಶ್ನೆಯಾಗಬಲ್ಲದು. ಇನ್ನೊಂದು ಮಾತು: ಜಲಪಾತದ ಬಂಡೆ, ಮಳೆಗಾಲದ ಗುಡ್ಡ, ಆನೆ ಓಡಾಡುವ ತೋಟದ ದಾರಿ, ಇವು ಉಡುಗೊರೆಯಾಗುವಂಥವಲ್ಲ. ಆನೆ ಬಂದಿದೆಯೆಂದು ಗೊತ್ತಾದ ದಿನ ನಮ್ಮ ಮನೆಯ ಕಾರ್ಯಕ್ರಮವೆಲ್ಲ ರದ್ದು.

ಕಷ್ಟವಿರುವುದು ಹೊತ್ತಿನಲ್ಲಿ. ಬೊಂಬೆ ಕೊಳ್ಳಲು ಹತ್ತು ನಿಮಿಷ ಸಾಕು. ಒಂದು ದಿನ ಕೊಡುವುದೆಂದರೆ ದಿನವನ್ನೇ ಕೊಡಬೇಕು. ಭಾವನವರ ಮಗನ ಹುಟ್ಟುಹಬ್ಬ ಜನವರಿಯಲ್ಲಿ, ಕೊಯ್ಲಿನ ನಡುಮಧ್ಯೆ. ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಎಲ್ಲಿಗೂ ಹೋಗಲಾಗದೆ ಭಾವ ಮಗನಿಗೆ ಒಂದು ದಿನದ ರೈಟರ್ ಕೆಲಸ ಕೊಟ್ಟರು. ಹನ್ನೆರಡು ವರ್ಷದ ಹುಡುಗ ಪುಸ್ತಕ, ಪೆನ್ನು ಹಿಡಿದು, ಸಂಜೆ ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಹಣ್ಣಿನ ಚೀಲ ಒಂದೊಂದಾಗಿ ತೂಗುತ್ತಾ ಹೋದಂತೆ ಬರೆದುಕೊಳ್ಳಬೇಕು. ನಡುವೆ ಒಬ್ಬಾಕೆ, “ಅಪ್ಪಾ, ನಂದು ಎಂಬತ್ತೆರಡು ಕೆ.ಜಿ. ನೀನು ಎಪ್ಪತ್ತೆರಡು ಬರದೀಯ” ಎಂದಳು. ಅವನಿಗೆ ಅದೊಂದು ಅಂಕಿ. ಕೆ.ಜಿ. ಲೆಕ್ಕದಲ್ಲಿ ಕೂಲಿ ಎಣಿಸುವ ಆಕೆಗೆ ಹತ್ತು ಕೆ.ಜಿ. ಎಂದರೆ ಎಷ್ಟು ಹೊತ್ತಿನ ಕೊಯ್ಲು, ಎಷ್ಟು ರೂಪಾಯಿ ಎಂದು ಭಾವ ಅಲ್ಲೇ ಲೆಕ್ಕ ಹಾಕಿಸಿದರು. ಹುಡುಗನ ಕಿವಿ ಕೆಂಪಾಯಿತು. ಉಳಿದ ಚೀಲಗಳನ್ನು ಎರಡೆರಡು ಸಲ ಕೇಳಿ ಬರೆದನಂತೆ. ಹುಟ್ಟುಹಬ್ಬಕ್ಕೆ ಇದೆಂಥ ಉಡುಗೊರೆ ಎಂದು ಅಂದು ಅಕ್ಕ ಸಿಡಿಮಿಡಿಗೊಂಡಿದ್ದರು. ಈ ವರ್ಷ ಅವನೇ ಮತ್ತೆ ಕೇಳಿದ್ದಾನೆ.

ನನ್ನ ಮಗನ ಹುಟ್ಟುಹಬ್ಬ ಇನ್ನೂ ಚೆಂದ: ಜುಲೈ! ಶಾಲೆಗೆ ಮಳೆ ರಜೆ, ಕರೆಂಟಿಲ್ಲ, ಹೊರಗೆ ಕಾಲಿಟ್ಟರೆ ಉಂಬಳ. ಅತ್ತೆಯವರು ಅಟ್ಟದಿಂದ ಚನ್ನೆಮಣೆ ಇಳಿಸಿ, ಎಣ್ಣೆ ಹಚ್ಚಿ ಒರೆಸಿ, “ಇವತ್ತು ಇಡೀ ದಿನ ನಿನ್ನ ಜೊತೆ ಆಡ್ತೀನಿ, ಅಡುಗೆಮನೆಗೆ ಕಾಲಿಡಲ್ಲ” ಎಂದರು. ಅದೇ ಅವರ ಉಡುಗೊರೆ. ಎಪ್ಪತ್ತಾರರ ಅಜ್ಜಿ, ಆರರ ಮೊಮ್ಮಗ. ಬೆಳಗಿನಿಂದ ಸಂಜೆವರೆಗೆ ಹತ್ತೊಂಬತ್ತು ಆಟ. ಅಜ್ಜಿ ಒಂದರಲ್ಲೂ ಬೇಕೆಂದೇ ಸೋಲಲಿಲ್ಲ. ಕೊನೆಯ ಆಟದಲ್ಲಿ ಅವನು ನಿಜವಾಗಿಯೇ ಗೆದ್ದ. ಅಂದು ಮನೆಯಲ್ಲಿ ಅಡುಗೆ ಮಾಡಿದವರು ಯಜಮಾನರು ಎಂಬುದನ್ನು ಇಲ್ಲಿ ದಾಖಲಿಸಿರುತ್ತೇನೆ.

ಮುನಿಸಿಕೊಂಡಿದ್ದ ನಾದಿನಿಯೂ ಈಗ ನಮ್ಮ ಪಕ್ಷ. ಮಗಳಿಗೆ ಪತ್ರೊಡೆ ಮಾಡುವುದನ್ನು ಕಲಿಸಿದ್ದು ಅವರು. ಸೋದರಮಾವ ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನಕ್ಕೆ ಕರೆದುಕೊಂಡು ಹೋಗಿ, ಬರುವಾಗ ಅಲ್ಲಿನ ನೀರುದೋಸೆ ತಿನ್ನಿಸಿದ. ಇನ್ನೊಬ್ಬರು ಅಂಗಡಿಗೆ ಕರೆದೊಯ್ದರು. ಸಾಮಾನಿನ ಅಂಗಡಿಯಲ್ಲ, ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಈಗಿನ ನಮ್ಮ ತಾಲ್ಲೂಕಿನ ಅಂಗಡಿ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಅಲ್ಲಿಗೆ ಬಸ್ಸುಗಟ್ಟಲೆ ಜನ. ಸಳ ಹುಲಿಯನ್ನು ಹೊಡೆದನೆಂಬ ಐತಿಹ್ಯದ, ವಾಸಂತಿಕಾ ದೇವಿಯ ಈ ಊರಿನಲ್ಲಿ ಹಕ್ಕಿಗಳ ದನಿ ಕೇಳಿಸುವಷ್ಟು ಮೌನ. ಮಾರ್ಚ್, ಏಪ್ರಿಲ್‌ನಲ್ಲಿ ಹುಟ್ಟಿದ ಮಕ್ಕಳಿಗಂತೂ ಹೆತ್ತವರು ಏನೂ ಮಾಡಬೇಕಾಗಿಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದಲ್ಲ, ಬೆಳಗಿನ ಜಾವ ಎಬ್ಬಿಸಿ ಆ ಪರಿಮಳದಲ್ಲಿ ನಿಲ್ಲಿಸಿ, ಜೇನ್ನೊಣಗಳ ಮೊರೆತ ಶುರುವಾಗುವುದನ್ನು ಕೇಳಿಸಿದರಾಯಿತು. ಅದಿರುವುದೇ ಎರಡು ಮೂರು ದಿನ. ತಪ್ಪಿದರೆ ಮುಂದಿನ ವರ್ಷವೇ.

ಇದನ್ನೆಲ್ಲ ಇಷ್ಟು ಅವಸರದಿಂದ ಬರೆಯಲು ಕಾರಣವಿದೆ. ಮಲೆನಾಡಿನ ಮಕ್ಕಳು ನಮ್ಮ ಜೊತೆ ಎಷ್ಟು ಹುಟ್ಟುಹಬ್ಬ ಇರುತ್ತಾರೆ? ಹೈಸ್ಕೂಲಿಗೋ ಪಿ.ಯು.ಸಿ.ಗೋ ಉಜಿರೆ, ಮೂಡುಬಿದಿರೆ, ಮಂಗಳೂರು ಎಂದು ಹಾಸ್ಟೆಲಿಗೆ ಹೊರಟರೆ ಆಮೇಲೆ ಮನೆಗೆ ಬರುವುದು ನೆಂಟರ ಹಾಗೆ. ನನ್ನ ಮಗಳು ಈಗ ಐದನೆಯ ತರಗತಿ. ಬಾಳೆಹೊನ್ನೂರಿನ ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಸಿಕ್ಕಿತೆಂದರೆ ಹನ್ನೆರಡನೆಯ ಹುಟ್ಟುಹಬ್ಬ ಅಲ್ಲಿ.

ಬರುವ ಫೆಬ್ರುವರಿಯ ಹನ್ನೊಂದನೆಯದಕ್ಕೆ ಹೊಳೆಯ ಕೊನೆಯ ತುಂಡು ಬಾಕಿಯಿದೆ: ಹೇಮಾವತಿ ಕಾವೇರಿಗೆ ಸೇರುವ ಕಡೆ. ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಅವಳೇ ಗುರುತು ಹಾಕಿಟ್ಟಿದ್ದಾಳೆ. ಬುತ್ತಿಗೆ ಕಡುಬು ಬೇಡವಂತೆ, ಚಿತ್ರಾನ್ನ ಬೇಕಂತೆ. ಜೊತೆಗೆ, ಕೇಳಿದರೆ ಸಿಟ್ಟಾಗಬಾರದೆಂದು ಪೀಠಿಕೆ ಹಾಕಿ, ಒಂದು ಸೈಕಲ್ಲೂ ಬೇಕೆಂದಿದ್ದಾಳೆ. ಆ ಹುಡುಗ ಯಾವ ತೋಟದಲ್ಲಿದ್ದಾನೆಂದು ಹುಡುಕಿಕೊಂಡು ಹೋಗಲಂತೆ.